ಲಜ್ಜೆಯು ಅರಿವಿಗೆ ಅಡ್ಡಿಯಾಗದಿರಲಿ

(ಸಾರಕ್ಕಿಯಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರ ಸಭೆಯಲ್ಲಿ ಮಾಡಿದ ಭಾಷಣ)



ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಾಣು ಕಾರಣವೆಂದು ನೀವು ಉತ್ತರ ಪತ್ರಿಕೆಯಲ್ಲಿ ಬರೆಯುತ್ತೀರಿ. ಆದರೆ ಆ ಮಾತನ್ನು ನಿಮ್ಮ ತಾಯಿಗೆ ಎಂದಾದರೂ ಹೇಳಿರುವಿರಾ? 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಮಹಿಳೆಯರು ಈ ರೋಗದಿಂದ ಮೃತಪಟ್ಟರೆಂಬ ಅಂದಾಜಿದೆ.

ನಮ್ಮ ಮನೆಗಳಲ್ಲಿ ಈ ರೋಗದ ಹೆಸರೆತ್ತಲೂ ಸಂಕೋಚ. ರೋಗಿಯ ಶೀಲವನ್ನೇ ಶಂಕಿಸುವವರೂ ಇದ್ದಾರೆ. ಈ ವೈರಾಣು ತೀರಾ ಸಾಮಾನ್ಯವಾದುದು. ಪತಿಯಿಂದಲೂ ಪತ್ನಿಗೆ ತಗಲಬಹುದು. ಶೀಲವತಿಯ ಮೇಲೆ ಅಪವಾದ ಹೊರಿಸುವುದು ಇಸ್ಲಾಮಿನಲ್ಲಿ ಮಹಾಪಾಪವೆಂಬುದನ್ನು ಮರೆಯದಿರೋಣ.

ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷಗಳು ಬೇಕು. ಅಷ್ಟರೊಳಗೆ ಪತ್ತೆಯಾದರೆ ತಡೆಯಬಹುದು. ಮೂವತ್ತು ದಾಟಿದ ಮಹಿಳೆಗೆ ಅಸೆಟಿಕ್ ಆಮ್ಲ ಲೇಪಿಸಿ ನೋಡುವ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಹೆಣ್ಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಹಾಕಿಸಬಹುದು. ಸಾರಕ್ಕಿಯವರಿಗೆ ಕಿದ್ವಾಯಿ ಆಸ್ಪತ್ರೆ ಬಹುದೂರವೇನೂ ಅಲ್ಲ. ದೂರವಾಗಿರುವುದು ನಮ್ಮ ಮನಸ್ಸು.

ಧರ್ಮವನ್ನು ಅರಿಯಲು ಲಜ್ಜೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಅನ್ಸಾರ್ ಮಹಿಳೆಯರನ್ನು ಪ್ರಶಂಸಿಸಿದ್ದರು. ಜೀವ ಉಳಿಸುವ ಅರಿವಿಗೆ ಅದು ಅಡ್ಡಿಯಾಗಬೇಕೇ? ಇಂದು ಮನೆಗೆ ಮರಳಿದೊಡನೆ ನಿಮ್ಮ ಮೊದಲ ಪಾಠವನ್ನು ತಾಯಿಗೇ ಹೇಳಿರಿ. ಅವರನ್ನು ಪರೀಕ್ಷೆಗೆ ನೀವೇ ಕರೆದೊಯ್ಯಿರಿ. ಅಲ್ಲಾಹನು ಅನುಗ್ರಹಿಸಲಿ.