ಕೂರಿಸಿ ಸಾಕಿದರೆ ಸಾಲದು

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಗೊಬ್ಬರ, ಸಾಲ, ಮೆಣಸಿನ ಧಾರಣೆ ಬಿಟ್ಟು ಬೆಳ್ಳಿಹಬ್ಬದ ದಿನ ವೃದ್ಧಾಶ್ರಮದ ಮಾತು ಯಾಕೆ ಅಂತ ನೀವು ಕೇಳಬಹುದು. ದೇವರಮನೆ ಸುತ್ತಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು ಸೇರಿದ್ದಾರೆ. ಒಂಟಿಯಾದ ಹಿರಿಯರು ಆಶ್ರಮ ಸೇರುವುದು ನಮ್ಮಲ್ಲೂ ಈಗ ಹೊಸತಲ್ಲ. ಅದು ಸರಿಯೋ ತಪ್ಪೋ ಎಂಬ ಜಗಳ ಇವತ್ತು ಬೇಡ.

ನಮ್ಮ ಪೈಕಿಯ ಅಜ್ಜ ಒಬ್ಬರು ಪಟ್ಟಣದ ಒಂದು ಆಶ್ರಮ ಸೇರಿದರು. ಕಾಲಭೈರವೇಶ್ವರನ ಗುಡಿಗೆ ಏರು ಹತ್ತಿದ ಕಾಲು ಅವರದು. ಕಣದಲ್ಲಿ ಕಾಫಿ ತಿರುವುವುದನ್ನೂ ಆಳಿಗೆ ಬಿಟ್ಟವರಲ್ಲ. ಅಲ್ಲಿ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಹಾಸಿಗೆಯೂ ಶುಚಿ. ಆದರೆ ಎದ್ದರೆ ಸಾಕು, 'ಬಿದ್ದೀರಿ ಅಜ್ಜಾ, ಕೂತ್ಕೊಳ್ಳಿ' ಅನ್ನುವವರೇ ಎಲ್ಲ. ನೋಡಲು ಹೋದ ನಾವೂ ಅದನ್ನೇ ಅಂದೆವು. ಮೂರು ತಿಂಗಳಲ್ಲಿ ಅವರನ್ನು ಕುರ್ಚಿಯಿಂದ ಎಬ್ಬಿಸಲು ಇಬ್ಬರು ಬೇಕಾದರು.

ಬೀಳುತ್ತಾರೆಂದು ಕೂರಿಸುತ್ತೇವೆ. ಕೂತು ಕೂತು ತೊಡೆಯ ಬಲ ಇಳಿಯುತ್ತದೆ, ಆಗ ನಿಜವಾಗಿಯೂ ಬೀಳುತ್ತಾರೆ! 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಮೂರು ದಿನವಾದರೂ ಬಲ ಮತ್ತು ಸಮತೋಲನದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಷ್ಟಾಗದವರು ಆದಷ್ಟು ಮಾಡಿದರೂ ಲಾಭವೇ. 2007ರ ಹಿರಿಯ ನಾಗರಿಕರ ಕಾನೂನು ವೃದ್ಧಾಶ್ರಮದ ಸೇವೆಗಳ ಮಾತಿನಲ್ಲಿ ವೈದ್ಯಕೀಯ ಆರೈಕೆ, ಮನರಂಜನೆ ಎರಡನ್ನೂ ಹೆಸರಿಸುತ್ತದೆ. ಮನರಂಜನೆ ಅಂದರೆ ಒಂದು ಟಿ.ವಿ. ಇಟ್ಟು ಕೈತೊಳೆದುಕೊಳ್ಳುವುದು ಸುಲಭ, ಅಲ್ವಾ?

ಇದಕ್ಕೆ ಯಂತ್ರ ಬೇಡ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ನಾಲ್ಕೈದು ಸಲ ಎದ್ದು ಕೂರುವುದು, ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಿಳಿಸುವುದು, ಪಕ್ಕದಲ್ಲಿ ಒಬ್ಬರು ನಿಂತಿರುವುದು, ಇಷ್ಟು ಸಾಕು. ಎದೆನೋವು, ತಲೆಸುತ್ತು ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಮಾಡಲಿ.

ಆದರೆ ವ್ಯಾಯಾಮ ಅಂದರೆ ನಮ್ಮ ಅಜ್ಜ ಏಳಲೇ ಇಲ್ಲ. 'ನಾನೇನು ಶಾಲೆ ಹುಡುಗನಾ?' ಅಂದರು. ಅಂಗಳದ ಹೂಕುಂಡ ಒಣಗುತ್ತಿದೆ, ನೀರು ಹಾಕುವವರಿಲ್ಲ ಅಂದದ್ದೇ ತಡ, ಕೋಲು ಕೇಳಿದರು. ಮೊದಲ ದಿನ ಒಂದು ಚೊಂಬು, ಒಂದು ಕುಂಡ. ಈಗ ಹನ್ನೆರಡು ಕುಂಡವೂ ಅವರದೇ ಪಾರುಪತ್ಯ. ಪಕ್ಕದ ಕೋಣೆಯ ಅಜ್ಜಿ ಅಡುಗೆಯವರಿಗೆ ಅವರೆಕಾಯಿ ಸುಲಿದುಕೊಡುತ್ತಾರಂತೆ.

ಆಶ್ರಮದಲ್ಲಿ ನಿಮ್ಮವರಿದ್ದರೆ, ಹೋದಾಗ ಮಂಚದ ಪಕ್ಕ ಕೂತು ಬರಬೇಡಿ, ಕೈಹಿಡಿದು ಬಾಗಿಲವರೆಗಾದರೂ ನಡೆಸಿ. ಅಜ್ಜನದು ಹವಾಯಿ ಚಪ್ಪಲಿ, ಸವೆದು ಜಾರುತ್ತದೆ. ಮುಂದಿನ ಸಲ ನಾವು ಕಿತ್ತಳೆ ಬದಲು ಹಿಂದೆ ಪಟ್ಟಿ ಇರುವ ಒಂದು ಜೊತೆ ಚಪ್ಪಲಿ ಒಯ್ಯುತ್ತೇವೆ.