ಪೊರೆ ಬಲಿಯುವವರೆಗೆ ಕಾಯಬೇಕೇ?

ಹಿರಿಯರ ಕಣ್ಣಿಗೆ ಪೊರೆ ಬಂದರೆ ಪುಣೆಯ ನೆರೆಹೊರೆ ಅದನ್ನು ಮೋತಿಬಿಂದು ಎನ್ನುತ್ತದೆ; ನಮ್ಮ ಕನ್ನಡ ಮನೆಗಳಲ್ಲಿ ‘ಇನ್ನೂ ಬಲಿಯಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಈ ಮಾತು ಅಜ್ಞಾನದಿಂದ ಹುಟ್ಟಿದ್ದಲ್ಲ. ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ನೇತ್ರ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಮಸೂರ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಅಷ್ಟಕ್ಕೆ ಒಪ್ಪಬೇಕಾದರೆ ಕಣ್ಣು ಪೂರಾ ಮಬ್ಬಾಗಿರಬೇಕಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಕಣ್ಣೊಳಗೇ ಕೃತಕ ಮಸೂರ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ತರಂಗಗಳಿಂದ ಪೊರೆಯನ್ನು ಪುಡಿ ಮಾಡಿ ಹೀರುವ ವಿಧಾನ ತಂದರು. ಚಿಕಿತ್ಸೆ ಬದಲಾಯಿತು, ಮಾತು ಮಾತ್ರ ಉಳಿಯಿತು.

ಈಗ ಕೇಳಬೇಕಾದ್ದು ಪೊರೆ ಎಷ್ಟು ಬಲಿತಿದೆ ಎಂದಲ್ಲ, ಯಾವ ಕೆಲಸ ನಿಂತಿದೆ ಎಂದು. ಪುಣೆಯ ಬಸ್ಸಿನ ಫಲಕದಲ್ಲಿ ಮರಾಠಿ ಅಂಕಿಯ ಒಂದು ಯಾವುದು, ಒಂಬತ್ತು ಯಾವುದು ಎಂದು ಗೊತ್ತಾಗದೆ ನಿಲ್ದಾಣದಲ್ಲೇ ಉಳಿಯುವಂತಾದರೆ, ಇರುಳಲ್ಲಿ ಎದುರು ವಾಹನದ ಬೆಳಕು ಚದುರಿ ದಾರಿಯೇ ಮುಚ್ಚಿದರೆ ಸಮಯ ಬಂದಿದೆ. ತುರ್ತೇನಿದೆ ಎಂದು ಕೇಳಬಹುದು. ನಿಜ, ತೊಂದರೆಯಿಲ್ಲದವರು ತಪಾಸಣೆ ಮಾಡಿಸುತ್ತ ಧಾರಾಳವಾಗಿ ಕಾಯಬಹುದು. ಆದರೆ ತೀರಾ ಬಲಿತ ಪೊರೆ ಗಟ್ಟಿಯಾಗುತ್ತದೆ, ಒಡೆಯಲು ಹೆಚ್ಚು ಶಕ್ತಿ ಬೇಕು. ಕೆಲವೊಮ್ಮೆ ಉಬ್ಬಿ ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಶಸ್ತ್ರಚಿಕಿತ್ಸೆಯ ಬಗ್ಗೆ ಸಕ್ಕರೆ ಕಾಯಿಲೆಯವರಿಗಿರುವ ಅಂಜಿಕೆಗೆ ಕಾರಣವಿದೆ: ಅಕ್ಷಿಪಟಲ ಹಾಳಾಗಿದ್ದರೆ ಹೊಸ ಮಸೂರವೊಂದೇ ಪೂರ್ಣ ದೃಷ್ಟಿ ಕೊಡದು. ಅದಕ್ಕೇ ಪೊರೆ ದಟ್ಟವಾಗುವ ಮೊದಲೇ, ಒಳಗಿನ ಪಟಲ ವೈದ್ಯರಿಗೆ ಇನ್ನೂ ಕಾಣುತ್ತಿರುವಾಗಲೇ, ಅದನ್ನು ತೋರಿಸಿಕೊಳ್ಳಬೇಕು.