ಹಿಂದಿನ ಅಚ್ಚಿನ ಎಣ್ಣೆ

ಜೀಪು, ಲಾರಿಗಳು ನಿಂತ ನೆಲದ ಮೇಲೆ, ಹಿಂದಿನ ಅಚ್ಚಿನ ನೇರಕ್ಕೆ, ಕಪ್ಪು ಎಣ್ಣೆಯ ಹನಿಗಳನ್ನು ಕಂಡರೆ ನಾವು ಸಾಮಾನ್ಯವಾಗಿ ಒರೆಸಿ ಸುಮ್ಮನಾಗುತ್ತೇವೆ. ಆ ಹನಿಗಳ ಅರ್ಥವನ್ನು ಈ ಹೊತ್ತು ಕೊಂಚ ವಿಚಾರಮಾಡೋಣ.

ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಒಂದೇ ಎಂಜಿನಿನ ಬಲದಿಂದ ಎರಡನ್ನೂ ಬೇರೆಬೇರೆ ವೇಗದಲ್ಲಿ ತಿರುಗಗೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಅವು ದಪ್ಪ ಎಣ್ಣೆಯಲ್ಲಿ ಅದ್ದಿ ತಿರುಗುತ್ತವೆ. ದಂಡಗಳು ಪೆಟ್ಟಿಗೆಯಿಂದ ಹೊರಬರುವೆಡೆ ಆ ಎಣ್ಣೆಯನ್ನು ತಡೆಯುವುದು, ರಬ್ಬರಿನ ತೆಳುತುಟಿಯುಳ್ಳ ಬಳೆಯಂಥ ಸೀಲು.

ಸೋರಿಕೆಯಾದರೆ ಸೀಲನ್ನೇ ದೂರುವುದು ವಾಡಿಕೆ. ಆದರೆ ಓಟದಲ್ಲಿ ಪೆಟ್ಟಿಗೆ ಕಾದು, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗುವ ಸಣ್ಣ ಗಾಳಿಕಿಂಡಿ ಕೆಸರಿನಿಂದ ಮುಚ್ಚಿದ್ದರೆ, ಒತ್ತಡವು ಎಣ್ಣೆಯನ್ನು ಸೀಲಿನಾಚೆಗೆ ನೂಕುತ್ತದೆ. ಹೊಸ ಸೀಲು ಹಾಕಿದರೂ ಅದೇ ಗತಿ. ಆದ್ದರಿಂದ ಮೊದಲು ಕಿಂಡಿಯನ್ನು ಶುಚಿಮಾಡಬೇಕು. ಎಣ್ಣೆ ಮಟ್ಟ ಮೀರಿದೆಯೇ, ಬೇರಿಂಗು ಸಡಿಲವಾಗಿದೆಯೇ, ದಂಡದ ಮೇಲೆ ಸವೆತದ ಗೀರು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ಅನಂತರ ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಓರೆಯಾಗದಂತೆ ಕೂರಿಸಬೇಕು.

ಉದಾಸೀನದ ಬೆಲೆ ದೊಡ್ಡದು. ಎಣ್ಣೆ ತಗ್ಗಿದರೆ ಹಲ್ಲುಗಳು ಊಳಿಟ್ಟು, ಸವೆದು, ಕೊನೆಗೆ ಮುರಿಯುತ್ತವೆ. ಚಕ್ರದ ಪಕ್ಕದ ಸೀಲು ಸೋರಿದರಂತೂ ಎಣ್ಣೆ ಬ್ರೇಕಿನ ಪಟ್ಟಿಗಳಿಗೆ ಹತ್ತಿ, ಇಳಿಜಾರಿನಲ್ಲಿ ಹಿಡಿತವೇ ತಪ್ಪೀತು. ಎಣ್ಣೆ ಹೀರಿದ ಪಟ್ಟಿಗಳನ್ನು ಒರೆಸಿದರೆ ಸಾಲದು, ಬದಲಿಸಲೇಬೇಕು. ಒಂದು ಸಣ್ಣ ಬಳೆಯ ಮೇಲೆ ಗಾಡಿಯಲ್ಲಿ ಕುಳಿತವರ ಪ್ರಾಣವೂ ನಿಂತಿರುವುದುಂಟು. ನೆಲದ ಹನಿಯನ್ನು ಕಂಡ ದಿನವೇ ಗಾಡಿಯ ಕೆಳಗೆ ಬಾಗಿ ನೋಡುವುದು ಲೇಸು.